ಬಾಡಿಗೆಯ ಕೈಬರಹ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರನ ಗುಡಿಯ ಮುಂದೆ ನಿಂತಿರುವ ಶಾಸನಸ್ತಂಭವನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕೆಂದು ಎಣಿಸಿ, ಅದಕ್ಕೆ ಮುಂಚೆ ತಾನೇ ಒಮ್ಮೆ ನೋಡಿಹೋಗಲು ಬಂದಿದ್ದ ಇತಿಹಾಸದ ಅತಿಥಿ ಉಪನ್ಯಾಸಕಿಯೊಬ್ಬಳಿಗೂ, ಆಕೆಗೆ ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಟ್ಟು ಈಗ ಸೊರಬದಲ್ಲಿ ವಿಶ್ರಾಂತಿಯಿಂದಿರುವ ಮೇಷ್ಟರೊಬ್ಬರಿಗೂ ನಡೆದ ಸಂಭಾಷಣೆ ಇದು.

ಉಪನ್ಯಾಸಕಿ: ಮೇಷ್ಟ್ರೇ, ತಾವು ಕಂಬದ ಅಕ್ಷರಗಳಲ್ಲಿ ಮಗ್ನರಾಗಿರುವಾಗ ಲೌಕಿಕದ ಮಾತೆತ್ತುವುದು ಉಚಿತವಲ್ಲವೆಂದು ಬಲ್ಲೆನಾದರೂ, ಕೈಬರಹವನ್ನೇ ಕುರಿತ ಚಿಂತೆಯೊಂದು ನನ್ನನ್ನು ಬಾಧಿಸುತ್ತಿರುವುದರಿಂದ ಹೇಳದೆ ಇರಲಾರೆ. ಈ ಸಲ ವಿದ್ಯಾರ್ಥಿಗಳು ತಂದೊಪ್ಪಿಸಿದ ಅಸೈನ್‌ಮೆಂಟುಗಳ ಕಟ್ಟನ್ನು ಬಿಚ್ಚಿ ನೋಡಿದಾಗ, ಹೆಸರು ಬೇರೆ, ನೋಂದಣಿಯ ಸಂಖ್ಯೆ ಬೇರೆ, ಊರು ಬೇರೆಯಾಗಿದ್ದರೂ, ಮಕಾರದ ಬಾಲವನ್ನು ಒಂದೇ ಬಗೆಯಲ್ಲಿ ಮೇಲಕ್ಕೆ ಕೊಂಕಿಸುವ ಒಂದೇ ಕೈ ಹಲವು ಕಡೆಗಳಲ್ಲಿ ಕಾಣಿಸಿಕೊಂಡಿತು. ಬರೆದವರು ಇವರಲ್ಲ, ಬರೆಯಿಸಿದವರು ಇವರು.

ಮೇಷ್ಟ್ರು: ಆ ಕೈ ಯಾರದೆಂದು ತಿಳಿಯಿತೆ?

ಉಪನ್ಯಾಸಕಿ: ತಿಳಿಯಿತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ವ್ಯವಹಾರದ ರೀತಿಯನ್ನು ಕೇಳಿ. ಜೆರಾಕ್ಸ್ ಅಂಗಡಿಯಲ್ಲಿ ವಿಷಯವನ್ನು ಬರೆದ ಚೀಟಿಯನ್ನು ಕೊಟ್ಟು ಬಂದರೆ ಮೂರು ನಾಲ್ಕು ದಿನಗಳಲ್ಲಿ ಪ್ರಬಂಧ ಸಿದ್ಧವಾಗಿರುತ್ತದೆ. ಕೈಯಲ್ಲಿ ಬರೆದದ್ದಕ್ಕೆ ಪುಟದ ಲೆಕ್ಕದಲ್ಲಿ ಒಂದು ದರ, ಡಿ.ಟಿ.ಪಿ. ಮಾಡಿಸಿ ಸ್ಪೈರಲ್ ಬೈಂಡಿಂಗ್ ಹಾಕಿಸಿದ ಪ್ರಾಜೆಕ್ಟಿಗೆ ಇನ್ನೊಂದು ದರ, ಬಿ.ಎಡ್. ಓದುವವರ ಪಾಠಯೋಜನೆಯ ರೆಕಾರ್ಡುಗಳಿಗೂ, ದೂರಶಿಕ್ಷಣದಲ್ಲಿ ಓದುವವರ ನಿಯೋಜಿತ ಬರಹಗಳಿಗೂ ಪ್ರತ್ಯೇಕ ಕಾಲ, ಪ್ರತ್ಯೇಕ ಬೇಡಿಕೆ. ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯವು ಅಸೈನ್‌ಮೆಂಟುಗಳಿಗೆ ಸಾಮಾನ್ಯವಾಗಿ ಶೇಕಡ 30ರ ಪಾಲನ್ನಿಟ್ಟು, ವಿದ್ಯಾರ್ಥಿಯೇ ಸ್ವಹಸ್ತದಿಂದ ಬರೆಯಬೇಕೆಂದು ವಿಧಿಸಿದ್ದರೂ, ಬರೆದು ಮುಗಿಸಿದ ಉತ್ತರಗಳು ದೇಶದಾದ್ಯಂತ ಮಾರಾಟವಾಗುತ್ತಿರುವುದು ಗುಟ್ಟಿನ ಸಂಗತಿಯಲ್ಲ. ಬೆಂಗಳೂರಿನಲ್ಲಂತೂ ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟುಗಳನ್ನು ಮಾಡಿಕೊಡುತ್ತೇವೆಂದು ಬೋರ್ಡು ಹಾಕಿಕೊಂಡೇ ಅಂಗಡಿ ನಡೆಸುತ್ತಾರೆ.

ಮೇಷ್ಟ್ರು: ಇನ್ನೊಬ್ಬರಿಂದ ಬರೆಯಿಸುವುದೇ ಪಾಪವೆನ್ನುವುದಾದರೆ ನಮ್ಮ ನಾಡಿನ ಅರ್ಧ ಶಾಸನಗಳು ಪಾಪದ ಕಲ್ಲುಗಳಾದಾವು, ನೋಡಮ್ಮ. ರಚಿಸಿದವನೊಬ್ಬ, ಬರೆದವನೊಬ್ಬ, ಕಂಡರಿಸಿದ ರೂವಾರಿ ಮತ್ತೊಬ್ಬ. ದಾನ ಕೊಟ್ಟ ದೊರೆಗೆ ಅಕ್ಷರವೇ ಬಾರದಿದ್ದರೂ ಯಾರೂ ಆಕ್ಷೇಪಿಸಲಿಲ್ಲ. ಇಂದಿಗೂ ಉಪನೋಂದಣಿ ಕಚೇರಿಯ ಬಳಿ ಕುಳಿತ ಪತ್ರ ಬರಹಗಾರನು ಕ್ರಯಪತ್ರ ಬರೆದುಕೊಟ್ಟು ಕೂಲಿ ಪಡೆಯುತ್ತಾನೆ. ಅದು ಪ್ರಾಮಾಣಿಕವಾದ ಜೀವನೋಪಾಯ.

ಉಪನ್ಯಾಸಕಿ: ತಾವು ಇಂಥ ಮಾತನ್ನಾಡುವಿರೆಂದು ನಾನು ನಿರೀಕ್ಷಿಸಿರಲಿಲ್ಲ.

ಮೇಷ್ಟ್ರು: ಮಾತು ಇನ್ನೂ ಮುಗಿಯಲಿಲ್ಲ, ಮಾರಾಯ್ತಿ. ಆ ಶಾಸನಗಳಲ್ಲಿ ಮೂವರ ಹೆಸರೂ ಉಂಟು. ಕ್ರಯಪತ್ರದ ಕೊನೆಯಲ್ಲಿ ಬರೆದವನು ಬಿಕ್ಕಲಂ ಎಂದು ತನ್ನ ರುಜು ಹಾಕುತ್ತಾನೆ. ಯಾವ ಕೆಲಸ ಯಾರದೆಂಬುದು ಎಲ್ಲರ ಕಣ್ಣೆದುರಿನಲ್ಲಿದೆ. ಈ ಕಂಬವನ್ನೇ ನೋಡು: ಕದಂಬ ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದಲ್ಲಿ, ಸಂಸ್ಕೃತದಲ್ಲಿ ಇದನ್ನು ರಚಿಸಿದ ಕುಬ್ಜನೆಂಬ ಕವಿ, ಅರಸನ ಆಜ್ಞೆಯಂತೆ ತನ್ನ ಸ್ವಂತ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದನೆಂದು ಕೊನೆಯಲ್ಲಿ ತಿಳಿಸಿದ್ದಾನೆ. ಕಾವ್ಯ ತನ್ನದು, ಬರವಣಿಗೆಯೂ ತನ್ನದು ಎಂದು ಎರಡನ್ನೂ ಬಿಡಿಸಿ ಹೇಳಬೇಕೆಂದು ಅವನಿಗೆ ತೋರಿತು. ನಿನ್ನ ಕಟ್ಟಿನಲ್ಲಿರುವ ಹಾಳೆಗಳ ದೋಷ ಬಾಡಿಗೆಯಲ್ಲಿಲ್ಲ. ಬಾಡಿಗೆಯನ್ನು ಮುಚ್ಚಿಟ್ಟು, ಬರೆದವನ ಹೆಸರನ್ನು ಅಳಿಸಿ, ಕಲಿಯದಿದ್ದವನು ಕಲಿತನೆಂದು ನಿನ್ನಿಂದ ಸಾಕ್ಷಿ ಹೇಳಿಸಿಕೊಳ್ಳುವುದರಲ್ಲಿದೆ.

ಉಪನ್ಯಾಸಕಿ: ಅಂದರೆ ಸುಳ್ಳುಸಾಕ್ಷಿ ನನ್ನದು.

ಮೇಷ್ಟ್ರು: ಅಂಕ ಕೊಡುವ ಕೈ ನಿನ್ನದಲ್ಲವೆ?

ಉಪನ್ಯಾಸಕಿ: ಹಾಗಾದರೆ ಪತ್ತೆಹಚ್ಚುವ ವಿಧಾನವನ್ನಾದರೂ ಹೇಳಿ. ವಿಶ್ವವಿದ್ಯಾಲಯಗಳಲ್ಲಿ ಸಂಶೋಧನ ಪ್ರಬಂಧಗಳನ್ನು ಯಂತ್ರಕ್ಕೆ ಹಾಕಿ ಎಷ್ಟು ಭಾಗ ನಕಲೆಂದು ಶೇಕಡಾವಾರು ತೆಗೆಯುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರವು ಶೋಧಶುದ್ಧಿ ಎಂಬ ಹೆಸರಿನಲ್ಲಿ ಅಂಥ ತಂತ್ರಾಂಶವನ್ನು ವಿಶ್ವವಿದ್ಯಾಲಯಗಳಿಗೆ ಒದಗಿಸಿತು. ಅದಕ್ಕೂ ಹಿಂದೆ, 2018ರಲ್ಲಿ, ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಕೃತಿಚೌರ್ಯ ನಿವಾರಣೆಗೆಂದು ನಿಯಮಾವಳಿಯೊಂದನ್ನು ಹೊರಡಿಸಿ, ಶೇಕಡ 10ರವರೆಗಿನ ಸಾಮ್ಯವನ್ನು ಕ್ಷಮಿಸಿ, 60ನ್ನು ಮೀರಿದರೆ ನೋಂದಣಿಯನ್ನೇ ರದ್ದುಪಡಿಸುವವರೆಗೆ ದಂಡನೆಯ ಮೆಟ್ಟಿಲುಗಳನ್ನು ಕಟ್ಟಿತು. ನಾನು ಅದನ್ನು ಆಶೆಯಿಂದ ಓದಿದೆ. ಓದುತ್ತ ಹೋದಂತೆ, ಅಸೈನ್‌ಮೆಂಟು, ಟರ್ಮ್ ಪೇಪರು, ಪ್ರಾಜೆಕ್ಟ್ ವರದಿ, ಕೋರ್ಸ್‌ವರ್ಕ್, ಪ್ರಬಂಧ, ಉತ್ತರಪತ್ರಿಕೆ ಇವು ಯಾವುವೂ ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲವೆಂದು ಪರಿಭಾಷೆಯ ಭಾಗದಲ್ಲಿಯೇ ಸ್ಪಷ್ಟವಾಗಿ ಬರೆದಿರುವುದು ಕಂಡಿತು.

ಮೇಷ್ಟ್ರು: ನಮ್ಮ ತಾಲ್ಲೂಕುಗಳ ಕಾಲೇಜುಗಳಲ್ಲಿ ಮಕ್ಕಳು ಬರೆಯುವುದೆಲ್ಲ ಅಷ್ಟೇ ತಾನೆ. ಒಳ್ಳೆಯ ನಿಯಮ, ನಿನಗೆ ಬೇಕಾದದ್ದೊಂದನ್ನು ಬಿಟ್ಟು ಉಳಿದುದೆಲ್ಲವೂ ಅದರಲ್ಲಿದೆ!

ಉಪನ್ಯಾಸಕಿ: ವ್ಯಾಪ್ತಿಯಲ್ಲಿದ್ದರೂ ಪ್ರಯೋಜನವಿರಲಿಲ್ಲ. ಯಂತ್ರವು ಹೋಲಿಕೆಯನ್ನು ಹುಡುಕುತ್ತದೆ. ದುಡ್ಡು ಕೊಟ್ಟು ಹೊಸದಾಗಿ ಬರೆಯಿಸಿದ್ದಕ್ಕೆ ಹೋಲುವ ಮೂಲವೇ ಲೋಕದಲ್ಲಿ ಇರುವುದಿಲ್ಲ. ಬಡ ಹುಡುಗ ಪುಸ್ತಕದಿಂದ ಎರಡು ಪುಟವನ್ನು ಇಳಿಸಿಕೊಂಡರೆ ಅದು ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಉಳ್ಳವನ ಮಗ ಇಡಿಯ ಪ್ರಬಂಧವನ್ನೇ ಕೊಂಡರೆ ನಿಷ್ಕಳಂಕವೆಂದು ಪ್ರಮಾಣಪತ್ರ ಕೊಡುತ್ತದೆ. ಆದ್ದರಿಂದಲೇ ಶೈಲಿಯನ್ನು ನೋಡಿ ಕಂಡುಹಿಡಿಯಬಹುದೆ ಎಂದು ತಮ್ಮನ್ನು ಕೇಳಬೇಕೆನಿಸಿತು.

ಮೇಷ್ಟ್ರು: ಶೈಲಿಯಿಂದ ಕರ್ತೃವನ್ನು ನಿರ್ಣಯಿಸುವ ವಿದ್ಯೆಗೆ ಕನ್ನಡದಲ್ಲಿ ದೊಡ್ಡ ಪರಂಪರೆಯೇ ಇದೆ. ಕವಿರಾಜಮಾರ್ಗವು ರಾಷ್ಟ್ರಕೂಟ ದೊರೆ ನೃಪತುಂಗನದೋ ಅವನ ಸಭೆಯ ಶ್ರೀವಿಜಯನದೋ ಎಂಬ ಪ್ರಶ್ನೆಯನ್ನು ಹಿಡಿದು, 1898ರಲ್ಲಿ ಅದು ಅಚ್ಚಾದಂದಿನಿಂದ, ವಿದ್ವಾಂಸರು ಪದ್ಯಗಳ ಒಳಸಾಕ್ಷ್ಯ, ಆಶ್ವಾಸಾಂತ್ಯದ ಮಾತು, ಪರರು ಮಾಡಿದ ಉಲ್ಲೇಖ ಇವನ್ನೆಲ್ಲ ತೂಗಿ ನೋಡಿ, ಬಹುಕಾಲ ವಾದಿಸಿ, ಬಹುಮಟ್ಟಿಗೆ ಶ್ರೀವಿಜಯನ ಪಕ್ಷಕ್ಕೆ ಬಂದರು. ನಿನ್ನ ತಾಲ್ಲೂಕಿನ ಬಳ್ಳಿಗಾವೆಯ ಅಲ್ಲಮಪ್ರಭುವಿನ ವಚನಗಳನ್ನು ಸಂಪಾದಿಸಿದವರಿಗೂ, ಉಡುತಡಿಯ ಅಕ್ಕಮಹಾದೇವಿಯ ವಚನಗಳನ್ನು ಸಂಪಾದಿಸಿದವರಿಗೂ ಇದೇ ಕಷ್ಟ: ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತವನ್ನು ಹಚ್ಚಿಬಿಟ್ಟ ಮಾತ್ರಕ್ಕೆ ಎಲ್ಲವೂ ಅವರ ಮಾತಾಗದಷ್ಟೆ. ಇಷ್ಟು ದೊಡ್ಡ ವಿದ್ವಾಂಸರಿಗೆ ಇಷ್ಟು ಕಾಲ ಹಿಡಿದ ಕೆಲಸವನ್ನು ನೀನು ಒಂದು ಪ್ರಬಂಧಕ್ಕೆ ಹತ್ತು ನಿಮಿಷದಂತೆ ಮಾಡಬಲ್ಲೆಯಾ?

ಉಪನ್ಯಾಸಕಿ: ಪೂರ್ತಿಯಾಗಿ ಅಲ್ಲ, ನಿಜ. ಆದರೂ ಓದುವ ಕಣ್ಣು ನಿರುಪಯೋಗಿಯೂ ಅಲ್ಲ. ಆಸ್ಟ್ರೇಲಿಯದ ಡೀಕಿನ್ ವಿಶ್ವವಿದ್ಯಾಲಯದ ಇಬ್ಬರು 2017ರಲ್ಲಿ ಪ್ರಕಟಿಸಿದ ಪುಟ್ಟ ಪ್ರಯೋಗವೊಂದರಲ್ಲಿ, ಕೊಂಡ ಪ್ರಬಂಧಗಳನ್ನೂ ವಿದ್ಯಾರ್ಥಿಗಳ ನಿಜವಾದ ಪ್ರಬಂಧಗಳನ್ನೂ ಬೆರೆಸಿ ಏಳು ಮಂದಿ ಪರೀಕ್ಷಕರ ಮುಂದಿಟ್ಟು, ಇವುಗಳಲ್ಲಿ ಕೊಂಡವು ಇರಬಹುದೆಂದು ಮೊದಲೇ ಎಚ್ಚರಿಸಿದಾಗ, ಕೊಂಡವುಗಳಲ್ಲಿ ಶೇಕಡ 62ರಷ್ಟನ್ನು ಅವರು ಗುರುತಿಸಿದರು. ನಿಜವಾದವನ್ನು ತಪ್ಪಾಗಿ ಶಂಕಿಸಿದ್ದು ತೀರ ವಿರಳ. ಸಂಶಯವಿಟ್ಟುಕೊಂಡು ಓದಿದರೆ ಕಾಣುತ್ತದೆ. ನಮ್ಮ ಕೊರತೆ ಏನೆಂದರೆ ಸಂಶಯವಿರಲಿ, ಓದುವುದೇ ಇಲ್ಲ.

ಮೇಷ್ಟ್ರು: ಆ ಮಾತನ್ನು ಮರೆಯಬೇಡ, ಮತ್ತೆ ಅಲ್ಲಿಗೇ ಬರೋಣ. ನಿನ್ನ ಕಣ್ಣಿಗೆ ಏನೇನು ಕಂಡಿದೆ ಹೇಳು.

ಉಪನ್ಯಾಸಕಿ: ಸೊರಬದ ಅಡಕೆ ಬೆಳೆಗಾರರನ್ನು ಕುರಿತ ಪ್ರಾಜೆಕ್ಟೊಂದರಲ್ಲಿ ತೋಟಗಳಿಗೆ ತುಂಗಭದ್ರಾ ನಾಲೆಯ ನೀರು ಹರಿಯುತ್ತದೆಯೆಂದು ಬರೆದಿತ್ತು, ಯಾವುದೋ ಬಯಲುಸೀಮೆಯ ಊರಿಗಾಗಿ ಬರೆದದ್ದರಲ್ಲಿ ಊರಿನ ಹೆಸರನ್ನು ಮಾತ್ರ ತಿದ್ದಿ, ನಾಲೆಯನ್ನು ಹಾಗೆಯೇ ಬಿಟ್ಟಿದ್ದರು. ಮನೆಮನೆಗೆ ಹೋಗಿ ತುಂಬಿಸಿ ತಂದೆವೆಂದ ಪ್ರಶ್ನಾವಳಿಗಳೆಲ್ಲ ಒಂದೇ ಪೆನ್ನಿನಲ್ಲಿ ಒಂದೇ ರಾತ್ರಿ ತುಂಬಿದವಾಗಿದ್ದವು. ತರಗತಿಯಲ್ಲಿ ಒಂದು ವಾಕ್ಯವನ್ನು ಪೂರ್ಣಗೊಳಿಸಲಾರದ ಹುಡುಗನ ಪ್ರಬಂಧದಲ್ಲಿ ಗ್ರಂಥಸೂಚಿ ಎರಡು ಪುಟ, ಅವುಗಳಲ್ಲಿ ನಮ್ಮ ಗ್ರಂಥಾಲಯದಲ್ಲಿ ಇರುವ ಪುಸ್ತಕ ಒಂದೂ ಇಲ್ಲ. ಇವೆಲ್ಲ ಶಂಕೆಗೆ ಸಾಲುತ್ತವೆ, ದಂಡನೆಗೆ ಸಾಲವು.

ಮೇಷ್ಟ್ರು: ಶ್ರೀವಿಜಯನ ವಿಷಯದಲ್ಲಿ ವಿದ್ವಾಂಸರಿಗಿದ್ದ ಕೊರತೆ ನಿನಗಿಲ್ಲವೆಂಬುದನ್ನು ಮರೆತೆ. ಅವರು ಶ್ರೀವಿಜಯನನ್ನು ಕರೆದು ಕೇಳುವಂತಿರಲಿಲ್ಲ. ನಿನ್ನ ಕರ್ತೃ ಮುಂದಿನ ಬೆಂಚಿನ ಮೇಲೆ ಕುಳಿತಿದ್ದಾನೆ! ಅವನನ್ನು ಕರೆ. ನೀನು ಬರೆದದ್ದರಲ್ಲಿ ಮೂರನೆಯ ಪುಟದ ಈ ವಾಕ್ಯವನ್ನು ಬೇರೆ ಮಾತಿನಲ್ಲಿ ಹೇಳಪ್ಪಾ ಎನ್ನು. ಈ ಪುಸ್ತಕ ನಿನಗೆ ಎಲ್ಲಿ ದೊರೆಯಿತು, ಯಾವ ಭಾಗವನ್ನು ಬರೆಯುವಾಗ ಕಷ್ಟವಾಯಿತು, ಮೊದಲು ಬರೆದು ಆಮೇಲೆ ಹೊಡೆದುಹಾಕಿದ್ದೇನು ಎಂದು ಕೇಳು. ಕಷ್ಟಪಟ್ಟು ಬರೆದವನು ಹೊಡೆದುಹಾಕಿದ್ದನ್ನು ಮರೆಯುವುದಿಲ್ಲ. ಕೊಂಡವನಿಗೆ ಹೊಡೆದುಹಾಕಿದ್ದೇ ಇರುವುದಿಲ್ಲ. ನಮ್ಮ ಸೊರಬದ ಗುಡಿಗಾರರಲ್ಲಿ ಗಂಧದ ತುಂಡಿನ ಮೇಲೆ ಮಗ ಕೆತ್ತಿದ ಬಳ್ಳಿಯನ್ನು ನೋಡಿ ತಂದೆ, ಇದು ನಿನ್ನದೋ ನಿನ್ನಣ್ಣನದೋ ಎಂದು ಅನುಮಾನಿಸಿದರೆ ವಾದ ಮಾಡುವುದಿಲ್ಲ. ಉಳಿಯನ್ನು ಕೈಗೆ ಕೊಟ್ಟು, ಇನ್ನೊಂದು ಎಲೆ ಬಿಡಿಸು ಎನ್ನುತ್ತಾನೆ.

ಉಪನ್ಯಾಸಕಿ: ಗುಡಿಗಾರನಿಗೆ ಮಕ್ಕಳು ಎಷ್ಟು ಮಂದಿ, ಮೇಷ್ಟ್ರೇ? ನನ್ನ ಒಂದೊಂದು ತರಗತಿಯಲ್ಲಿ ನೂರರ ಹತ್ತಿರ. ಒಬ್ಬೊಬ್ಬನಿಗೆ ಹತ್ತು ನಿಮಿಷವೆಂದರೂ ಒಂದು ತರಗತಿಯನ್ನು ಮುಗಿಸುವುದಕ್ಕೆ ವಾರಗಳು ಬೇಕು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದು ನನ್ನಂಥ ಸಾವಿರಾರು ಅತಿಥಿ ಉಪನ್ಯಾಸಕರಿಂದ. ಸೇವಾಭದ್ರತೆಗಾಗಿ 2023ರ ಕೊನೆಯಲ್ಲಿ ನಾವು ಮುಷ್ಕರ ಹೂಡಿದ್ದನ್ನು ತಾವು ಪತ್ರಿಕೆಗಳಲ್ಲಿ ಓದಿದ್ದೀರಿ. ಬರುವ ವರ್ಷ ಕೆಲಸ ಉಂಟೋ ಇಲ್ಲವೋ ಎಂಬವಳಿಗೆ, ಈ ಹುಡುಗ ಮೊದಲ ವರ್ಷದಲ್ಲಿ ಹೇಗೆ ಬರೆಯುತ್ತಿದ್ದನೆಂಬ ನೆನಪಾದರೂ ಎಲ್ಲಿಂದ ಬರಬೇಕು?

ಮೇಷ್ಟ್ರು: ಇಲ್ಲಿಗೆ ಹತ್ತಿರದಲ್ಲಿಯೇ ಇರುವ ಬಳ್ಳಿಗಾವೆಯ ಕೋಡಿಯ ಮಠದಲ್ಲಿ, 1162ರ ಶಾಸನದ ಪ್ರಕಾರ, ನಾಲ್ಕು ವೇದಗಳೂ, ಕೌಮಾರ ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳೂ, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯ ಬೌದ್ಧಾದಿ ದರ್ಶನಗಳೂ, ಲಾಕುಲ ಸಿದ್ಧಾಂತವೂ, ಪುರಾಣ ಧರ್ಮಶಾಸ್ತ್ರ ಕಾವ್ಯ ನಾಟಕಗಳೂ ವ್ಯಾಖ್ಯಾನಗೊಳ್ಳುತ್ತಿದ್ದುವು; ದೀನರಿಗೂ ಅಂಧರಿಗೂ ಬಧಿರರಿಗೂ ಅನ್ನ, ರೋಗಿಗಳಿಗೆ ಔಷಧ. ಅಂಥಲ್ಲಿ ಗುರುವಿನ ಮುಂದೆ ಕುಳಿತು ಬಾಯಿಬಿಟ್ಟು ಹೇಳದೆ ಯಾರು ತಾನೆ…

ಉಪನ್ಯಾಸಕಿ: ಕ್ಷಮಿಸಬೇಕು, ಆ ಕಾಲವನ್ನು ತೋರಿಸಿ ನನ್ನನ್ನು ನಾಚಿಸಬೇಡಿ. ಅನ್ನ ಎಲ್ಲರಿಗೂ ಇತ್ತೆಂದು ಶಾಸನ ಹೇಳುತ್ತದೆ. ವೇದ ಎಲ್ಲರಿಗೂ ಇತ್ತೆಂದು ಹೇಳುವುದಿಲ್ಲ. ಈ ಕಂಬದಲ್ಲಿಯೇ ಕಥೆಯಿರುವ ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದನು. ನನ್ನ ತರಗತಿಯಲ್ಲಿ ಕುಳಿತ ಹುಡುಗಿಯರ ಪೂರ್ವಿಕರಿಗೆ ಕಂಚಿಯ ಬಾಗಿಲೂ ಇರಲಿಲ್ಲ, ಕೋಡಿಯ ಮಠದ ಪಡಸಾಲೆಯೂ ಇರಲಿಲ್ಲ. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ತಲೆಮಾರು ಇದು. ಇವರು ಯಾಕೆ ಕೊಳ್ಳುತ್ತಾರೆಂದು ಕೇಳಿದರೆ ಸೋಮಾರಿತನವೊಂದೇ ಉತ್ತರವಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ವಾಣಿಜ್ಯ, ವಿಜ್ಞಾನಗಳಲ್ಲಿ ಇಂಗ್ಲಿಷಿನ ಪ್ರಬಂಧ ಬೇಕೆಂದರೆ, ಬಾರದ ಭಾಷೆಯಲ್ಲಿ ಬರೆದು ನಗೆಗೀಡಾಗುವುದಕ್ಕಿಂತ ಇನ್ನೂರು ಮುನ್ನೂರು ರೂಪಾಯಿ ಕೊಟ್ಟು ಮಾನ ಉಳಿಸಿಕೊಳ್ಳೋಣವೆನ್ನಿಸುತ್ತದೆ. ಆಸ್ಟ್ರೇಲಿಯದಲ್ಲಿ 14,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ವಿಚಾರಿಸಿದ ಸಮೀಕ್ಷೆಯೊಂದು 2018ರಲ್ಲಿ ಕಂಡುಕೊಂಡದ್ದೂ ಬಹುಮಟ್ಟಿಗೆ ಇದೇ: ಮನೆಮಾತು ಇಂಗ್ಲಿಷಲ್ಲದವರಲ್ಲಿ, ಬೋಧನೆಯ ಬಗ್ಗೆ ಅಸಮಾಧಾನವಿದ್ದವರಲ್ಲಿ, ಮೋಸಕ್ಕೆ ಅವಕಾಶ ಧಾರಾಳವಾಗಿದೆಯೆಂದು ಎಣಿಸಿದವರಲ್ಲಿ ಈ ಚಾಳಿ ಹೆಚ್ಚು.

ಮೇಷ್ಟ್ರು: ಒಪ್ಪಿದೆ. ನೀನು ಹೇಳಿದ ಈ ಕಾರಣಕ್ಕೆ ಪರಿಹಾರ ಕಾನೂನಿನಲ್ಲಿಲ್ಲ, ಭಾಷೆಯಲ್ಲಿದೆ. ನಿನ್ನ ಕಾಲೇಜು ಸೇರಿರುವ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆಯೋ ಆ ಕುವೆಂಪು ಮೈಸೂರಿನಲ್ಲಿ ಕುಲಪತಿಗಳಾಗಿದ್ದಾಗ, 1956ರಿಂದ 1960ರವರೆಗೆ, ಕನ್ನಡವನ್ನು ಕಾಲೇಜು ಬೋಧನೆಯ ಮಾಧ್ಯಮವನ್ನಾಗಿಸಲು ಹೋರಾಡಿದರಲ್ಲವೆ? ಇತಿಹಾಸದ ಪ್ರಬಂಧವನ್ನು ಕನ್ನಡದಲ್ಲಿ ಬರೆಯಲು ನಿನ್ನಲ್ಲಿ ಅಡ್ಡಿಯಿಲ್ಲವಷ್ಟೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗು: ಶಿರಾಳಕೊಪ್ಪದ ಸಂತೆಯಲ್ಲಿ ಆಡುವ ಕನ್ನಡದಲ್ಲಿ ಬರೆದರೂ ಅಂಕ ಕಳೆಯುವುದಿಲ್ಲವೆಂದು ಹೇಳಿನೋಡು. ಗ್ರಾಂಥಿಕ ಕನ್ನಡವೂ ಕೆಲವರಿಗೆ ಪರಭಾಷೆಯೇ. ನಾನು ಹೀಗೆ ಮಾತಾಡುತ್ತಿರುವುದೂ ಅವರಿಗೆ ಪುಸ್ತಕ ಬಾಯಿಬಿಟ್ಟಂತೆ ಕೇಳೀತು.

ಉಪನ್ಯಾಸಕಿ: ಕಾನೂನನ್ನು ತಾವು ಬೇಗನೆ ತಳ್ಳಿಹಾಕಿದಿರಿ. ಆಸ್ಟ್ರೇಲಿಯ 2020ರಲ್ಲಿ ಶಾಸನ ಮಾಡಿ, ಹಣಕ್ಕಾಗಿ ಪ್ರಬಂಧ ಬರೆದುಕೊಡುವವರಿಗೆ ಎರಡು ವರ್ಷಗಳವರೆಗೆ ಕಾರಾಗೃಹವಾಸವನ್ನು ವಿಧಿಸಿತು. ಇಂಗ್ಲೆಂಡು 2022ರಲ್ಲಿ ಅದನ್ನು ಅಪರಾಧವೆಂದು ಘೋಷಿಸಿತು. ಎರಡು ಕಡೆಯೂ ಗುರಿಯಾದವನು ಮಾರುವವನು, ವಿದ್ಯಾರ್ಥಿಯಲ್ಲ. ನಮ್ಮಲ್ಲಿ 2024ರ ಕೇಂದ್ರ ಕಾಯಿದೆ ಸಾರ್ವಜನಿಕ ಪರೀಕ್ಷೆಗಳ ಅಕ್ರಮಗಳನ್ನಷ್ಟೇ ಹಿಡಿಯುತ್ತದೆ. ಪ್ರಶ್ನೆಪತ್ರಿಕೆಯನ್ನು ಕದ್ದವನಿಗೆ ಸೆರೆಮನೆ, ಪ್ರಾಜೆಕ್ಟನ್ನು ಮಾರುವವನಿಗೆ ಬೋರ್ಡು!

ಮೇಷ್ಟ್ರು: ಬೆಂಗಳೂರಿನ ಬೋರ್ಡುಗಳಿಗೆ ಅಂಥ ಕಾನೂನು ಬರಲಿ, ನಾನು ಬೇಡವೆನ್ನುವುದಿಲ್ಲ. ಲಾಭಕ್ಕಾಗಿ ನಡೆಯುವ ಕಾರಖಾನೆಗೆ ದಂಡ ತಕ್ಕದ್ದೇ. ಆದರೆ ಇಂಗ್ಲೆಂಡಿನ ಹುಡುಗನಿಗೆ ಕೀನ್ಯಾದ ಪದವೀಧರನು ಬರೆದುಕೊಡುವ ಈ ಕಾಲದಲ್ಲಿ ಆ ಕಾಯಿದೆಯ ಕೈ ಎಷ್ಟು ಉದ್ದ ಚಾಚೀತು? ಇತ್ತ ನಮ್ಮ ಪೇಟೆಯಲ್ಲಿ ಬರೆಯುವವನು ಕಾರಖಾನೆಯಲ್ಲ, ಕೆಲಸ ಸಿಗದ ನೆರೆಮನೆಯ ಹುಡುಗ. ಪೋಲೀಸರು ಮೊದಲು ಹಿಡಿಯುವುದು ಅವನನ್ನು.

ಉಪನ್ಯಾಸಕಿ: ಅವನಿಗೂ ಈಗ ಪ್ರತಿಸ್ಪರ್ಧಿ ಬಂದಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಹೊರಬಂದ ಮೇಲೆ, ಪುಟಕ್ಕಿಷ್ಟೆಂದು ಕೊಡಬೇಕಾದ ಅಗತ್ಯವೂ ಕಡಮೆಯಾಗುತ್ತಿದೆ. ಫೋನಿನಲ್ಲಿ ಬಂದದ್ದನ್ನು ಹಾಳೆಗೆ ಇಳಿಸಿಕೊಡುವುದಷ್ಟೇ ಕೂಲಿಯ ಕೆಲಸವಾಗಿ ಉಳಿದಿದೆ. ಯಂತ್ರದ ಬರಹವನ್ನು ಯಂತ್ರದಿಂದಲೇ ಹಿಡಿಯುತ್ತೇವೆಂದವರ ಗತಿಯೇನಾಯಿತೆಂದರೆ, ಚಾಟ್‌ಜಿಪಿಟಿಯನ್ನು ತಯಾರಿಸಿದ ಸಂಸ್ಥೆಯೇ ತನ್ನ ಶೋಧಕವನ್ನು ನಿಖರತೆ ಸಾಲದೆಂದು 2023ರ ಜುಲೈಯಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡಿನವರು ಪರೀಕ್ಷಿಸಿ ನೋಡಿದಾಗ, ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗಳು ತಾವೇ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅಂಥ ಶೋಧಕಗಳು ಯಂತ್ರದ್ದೆಂದು ದೂರಿದುವು. ಸರಳವಾಗಿ ಬರೆದದ್ದೇ ಅವರ ಅಪರಾಧ.

ಮೇಷ್ಟ್ರು: ಆದ್ದರಿಂದ ಹಿಡಿಯುವ ಮಾತನ್ನು ಬಿಟ್ಟು ಬರೆಯಿಸುವ ಮಾತಿಗೆ ಬರೋಣ. ಈಗ ನೀನು ಕೊಟ್ಟ ವಿಷಯವೇನು?

ಉಪನ್ಯಾಸಕಿ: ವಿಜಯನಗರ ಸಾಮ್ರಾಜ್ಯದ ಪತನಕ್ಕೆ ಕಾರಣಗಳು.

ಮೇಷ್ಟ್ರು: ಅಯ್ಯೋ, ಅದನ್ನು ನಾನೂ ಬರೆದಿದ್ದೇನೆ, ನನ್ನ ಮೇಷ್ಟರೂ ಬರೆದಿದ್ದರು! ಎಲ್ಲಿ ಬೇಕಾದರೂ ದೊರೆಯುವ ಸರಕನ್ನು ಕೇಳಿ, ಕೊಂಡು ತಂದರೆಂದು ಕೋಪಿಸಿಕೊಳ್ಳುವುದು ಯಾವ ನ್ಯಾಯ? ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ 1902ರ ಏಳನೆಯ ಸಂಪುಟ ನಿನ್ನ ಶಿಕಾರಿಪುರದ್ದು, 1904ರ ಎಂಟನೆಯ ಸಂಪುಟ ನನ್ನ ಸೊರಬದ್ದು. ತಾಲ್ಲೂಕಿನ ಹೆಸರು, ಊರಿನ ಹೆಸರು, ಕಲ್ಲು ನಿಂತ ಜಾಗ ಎಲ್ಲವೂ ಅದರಲ್ಲಿದೆ: ಕುಬಟೂರಿನದು, ಚಂದ್ರಗುತ್ತಿಯದು, ಜಡೆಯದು, ಉಳವಿಯದು. ಒಬ್ಬೊಬ್ಬನಿಗೂ ಅವನ ಊರಿನದೋ ಹತ್ತಿರದ್ದೋ ಒಂದು ಕಲ್ಲನ್ನು ಕೊಡು. ಅಂದು ಕೆರೆಯ ಏರಿಯ ಮೇಲಿದ್ದದ್ದು ಇಂದು ಎಲ್ಲಿದೆ, ಅಚ್ಚಿನಲ್ಲಿರುವ ಎಷ್ಟು ಸಾಲು ಕಲ್ಲಿನ ಮೇಲೆ ಈಗಲೂ ಕಾಣುತ್ತದೆ, ಆ ವೀರಗಲ್ಲಿಗೆ ಊರಿನವರು ಏನೆಂದು ಹೆಸರಿಟ್ಟು ಪೂಜೆ ಮಾಡುತ್ತಾರೆ, ಅಜ್ಜಿ ಹೇಳುವ ಕಥೆಗೂ ಶಾಸನದ ಪಾಠಕ್ಕೂ ಎಲ್ಲಿ ವಿರೋಧ, ಇಷ್ಟನ್ನು ಬರೆದು ತರಲಿ. ಯಂತ್ರಕ್ಕೆ ಆ ಅಜ್ಜಿ ಪರಿಚಯವಿಲ್ಲ.

ಉಪನ್ಯಾಸಕಿ: ಮುಂದಿನ ವರ್ಷ ಅದೇ ಕಲ್ಲಿನ ವರದಿ ಜೆರಾಕ್ಸ್ ಅಂಗಡಿಯಲ್ಲಿ ದೊರೆಯುತ್ತದೆ.

ಮೇಷ್ಟ್ರು: ಮುಂದಿನ ವರ್ಷ ಬೇರೆ ಕಲ್ಲು ಕೊಡು, ಸೊರಬದಲ್ಲಿ ಯಾವುದಕ್ಕೆ ಬರ ಬಂದರೂ ಕಲ್ಲಿಗೆ ಬರವಿಲ್ಲ. ಹಳೆಯ ವರದಿಯನ್ನು ತಪ್ಪು ಹುಡುಕುವುದಕ್ಕೆಂದು ಹೊಸಬರ ಕೈಗೆ ನೀನೇ ಕೊಡು. ಮತ್ತು ಒಂದೇ ದಿನ ಕೊನೆಗೆ ಕಟ್ಟನ್ನು ತೆಗೆದುಕೊಳ್ಳಬೇಡ. ಮೊದಲ ತಿಂಗಳು ತರಗತಿಯಲ್ಲಿಯೇ ಕುಳಿತು ಒಂದು ಪುಟ ಬರೆಯಲಿ, ಅದನ್ನು ನೀನು ಇಟ್ಟುಕೋ. ಎರಡನೆಯ ತಿಂಗಳು ಕರಡು ಬರಲಿ, ಗೀಟುಗಳ ಸಮೇತ. ಆಮೇಲೆ ಐದು ನಿಮಿಷದ ಮಾತು. ನೂರು ಜನಕ್ಕೂ ಬೇಡ, ಸಂಶಯ ಬಂದವರಿಗೂ ಚೀಟಿ ಎತ್ತಿ ಬಂದವರಿಗೂ ಸಾಕು. ಯಾರನ್ನು ಕರೆಯುವಿಯೋ ತಿಳಿಯದಿದ್ದರೆ ಎಲ್ಲರೂ ಓದಿಕೊಂಡು ಬರುತ್ತಾರೆ.

ಉಪನ್ಯಾಸಕಿ: ಇದರಿಂದ ಕೊಳ್ಳುವುದು ನಿಂತೇಹೋಗುತ್ತದೆಂದು ತಾವು ನಂಬುತ್ತೀರಾ?

ಮೇಷ್ಟ್ರು: ಇಲ್ಲ. ದುಬಾರಿಯಾಗ್ತದೆ, ಕಷ್ಟವಾಗ್ತದೆ, ಅಷ್ಟೆ. ಅದಕ್ಕಿಂತ ಹೆಚ್ಚಿನದೊಂದು ನಿನ್ನ ಬಾಯಿಂದಲೇ ಆಗಲೇ ಬಂತು: ಯಾರೂ ಓದುವುದಿಲ್ಲ. ಹೊಸ ಶಿಕ್ಷಣನೀತಿಯ ಹೆಸರಿನಲ್ಲಿ 2021-22ರಲ್ಲಿ ಒಳಮೌಲ್ಯಮಾಪನಕ್ಕೆ ನೂರರಲ್ಲಿ 40 ಅಂಕ ಇಟ್ಟರಲ್ಲ, ಆಗ ಆ 40ಕ್ಕೆ ತಕ್ಕಷ್ಟು ಓದುವ ಕಣ್ಣುಗಳನ್ನು ಎಲ್ಲಿಯಾದರೂ ನೇಮಿಸಿದರೆ? ಪುಟಗಳ ದಪ್ಪವನ್ನು ನೋಡಿ ಅಂಕ, ಹೊದಿಕೆಯ ಹೊಳಪನ್ನು ನೋಡಿ ಅಂಕ. ವರ್ಷಾಂತ್ಯದಲ್ಲಿ ಎಲ್ಲವೂ ರದ್ದಿಗೆ. ಓದುಗನೇ ಇಲ್ಲದ ಬರಹವನ್ನು ಹುಡುಗ ತಾನೇ ಬರೆಯಬೇಕೆಂದು ಯಾವ ಮುಖದಿಂದ ಹೇಳುವುದು? ಅವನು ಸುಳ್ಳು ಬರೆಯಿಸುತ್ತಾನೆ, ನಾವು ಸುಳ್ಳು ಓದುತ್ತೇವೆ, ಲೆಕ್ಕ ಚುಕ್ತಾ. ನೀನು ಅವನ ಕರಡಿನ ಅಂಚಿನಲ್ಲಿ ಒಂದೇ ಒಂದು ಪ್ರಶ್ನೆ ಬರೆದು ಹಿಂದಿರುಗಿಸಿ ನೋಡು, ಈ ಮೇಡಂ ಓದುತ್ತಾಳೆಂಬ ಸುದ್ದಿ ಶಿಕಾರಿಪುರದ ಬಸ್ ನಿಲ್ದಾಣವನ್ನು ಸಂಜೆಯೊಳಗೆ ಮುಟ್ಟುತ್ತದೆ.

ಉಪನ್ಯಾಸಕಿ: ಓದುವುದಕ್ಕೆ ಬೇಕಾದ ಹೊತ್ತಿನ ಸಂಬಳವನ್ನು ಯಾರೂ ಕೊಡುವುದಿಲ್ಲವೆಂಬುದನ್ನೂ ಅದೇ ಬಸ್ ನಿಲ್ದಾಣದಲ್ಲಿ ಯಾರಾದರೂ ಹೇಳಲಿ. ಅದಿರಲಿ, ಆ ಕೈಬರಹ ಯಾರದೆಂದು ಕೇಳಿದಿರಲ್ಲ. ತಮ್ಮಲ್ಲಿಯೇ ಓದಿದ ಹುಡುಗ, ನನಗಿಂತ ಎರಡು ವರ್ಷ ಚಿಕ್ಕವನು. ಎಂ.ಎ. ಮಾಡಿಕೊಂಡು ಒಂದು ವರ್ಷ ನಮ್ಮಂತೆಯೇ ಅತಿಥಿಯಾಗಿದ್ದು, ಮರುವರ್ಷ ಕೌನ್ಸೆಲಿಂಗಿನಲ್ಲಿ ಜಾಗ ಸಿಗದೆ ಮನೆಗೆ ಬಂದವನು. ಕೊಂಕು ಬಾಲದ ಮಕಾರವನ್ನು ಅವನಿಗೆ ಕಲಿಸಿದವರೂ ತಾವೇ ಇರಬೇಕು.

ಮೇಷ್ಟ್ರು: ಇರಬೇಕು. ನನ್ನ ಮಕಾರವೂ ಹಾಗೆಯೇ. ಹುಡುಗ ಬುದ್ಧಿವಂತ; ಅವನ ಪ್ರಬಂಧಗಳು ಚೆನ್ನಾಗಿಯೇ ಇದ್ದಿರಬೇಕಲ್ಲ?

ಉಪನ್ಯಾಸಕಿ: ಚೆನ್ನಾಗಿವೆ, ಅದೇ ಸಂಕಟ. ಒಂದರಂತೆ ಒಂದಿಲ್ಲ, ಒಬ್ಬೊಬ್ಬ ಹುಡುಗನ ಮಟ್ಟವನ್ನು ಊಹಿಸಿಕೊಂಡು ಅಲ್ಲಲ್ಲಿ ಕಾಗುಣಿತದ ತಪ್ಪುಗಳನ್ನೂ ಬೇಕೆಂದೇ ಇಟ್ಟಿದ್ದಾನೆ. ಪ್ರಾಂಶುಪಾಲರಿಗೆ ಹೇಳಿದರೆ ಅವನ ಮೇಲೆ ದೂರು ಹೋಗುತ್ತದೆ, ಮುಂದೆ ಯಾವ ಕಾಲೇಜೂ ಅವನನ್ನು ಕರೆಯುವುದಿಲ್ಲ. ಹೇಳದಿದ್ದರೆ ನಾನು ಭಾಗಿಯಾಗುತ್ತೇನೆ.

ಮೇಷ್ಟ್ರು: ಹುಡುಗರ ವಿಷಯ ಮೊದಲು. ಆ ಕಟ್ಟಿಗೆ ಅಂಕ ಹಾಕಬೇಡ. ಒಬ್ಬೊಬ್ಬರನ್ನೇ ಕರೆದು ಕೇಳು, ಹೇಳಬಲ್ಲಷ್ಟಕ್ಕೆ ಅಂಕ, ಉಳಿದದ್ದನ್ನು ಮತ್ತೆ ಬರೆಯಲಿ. ಇದನ್ನು ಪ್ರಾಂಶುಪಾಲರಿಗೆ ತಿಳಿಸಿಯೇ ಮಾಡು, ಮರೆಯಲ್ಲಲ್ಲ. ಅವನ ವಿಷಯಕ್ಕೆ ನಾನು ಹೋಗಿ ಮಾತಾಡುತ್ತೇನೆ. ಕರಡನ್ನು ತಿದ್ದುವುದು, ವಾಕ್ಯ ಕಟ್ಟುವುದನ್ನು ಹೇಳಿಕೊಡುವುದು, ಇಂಗ್ಲಿಷ್ ಬಾರದವರಿಗೆ ಸಂಜೆ ಒಂದು ಗಂಟೆ ಪಾಠ ಮಾಡುವುದು, ಇವನ್ನು ತನ್ನ ಹೆಸರಿನಲ್ಲಿ ಬಹಿರಂಗವಾಗಿ ಮಾಡಲಿ. ಬರೆಯಿಸುವುದಕ್ಕೆ ಕೊಡುತ್ತಿದ್ದ ಹಣವನ್ನು ಮಕ್ಕಳು ಕಲಿಯುವುದಕ್ಕೆ ಕೊಡಲಿ.

ಉಪನ್ಯಾಸಕಿ: ಹಣ ಕೊಡುವವರೂ ಅವರೇ, ತೆಗೆದುಕೊಳ್ಳುವವನೂ ಅವನೇ. ಜನ ಆಡಿಕೊಳ್ಳುವುದಿಲ್ಲವೆ?

ಮೇಷ್ಟ್ರು: ಆಡಿಕೊಳ್ಳಲಿ. ಪೆನ್ನು ಯಾರ ಕೈಯಲ್ಲಿದೆಯೆಂದು ನೋಡುವವರು ನೋಡುತ್ತಾರೆ.

ಉಪನ್ಯಾಸಕಿ: ಅವನು ಒಪ್ಪದಿದ್ದರೆ? ಬರೆದುಕೊಡುವುದರಲ್ಲಿ ಒಂದು ರಾತ್ರಿಗೆ ಬರುವುದು ಪಾಠದಲ್ಲಿ ಒಂದು ವಾರಕ್ಕೂ ಬರಲಾರದು.

ಮೇಷ್ಟ್ರು: ಅದಕ್ಕೇ ಪುಟಕ್ಕೆ ಅವನು ಈಗ ಎಷ್ಟು ತೆಗೆದುಕೊಳ್ಳುತ್ತಾನೆಂಬುದನ್ನು ನಿನ್ನ ಹುಡುಗರಿಂದ ಸರಿಯಾಗಿ ಕೇಳಿಕೊಂಡು ನನಗೆ ತಿಳಿಸು. ಅದಕ್ಕಿಂತ ಕಡಮೆಯ ಲೆಕ್ಕ ಹಿಡಿದುಕೊಂಡು ಅವನ ಮನೆಯ ಬಾಗಿಲಿಗೆ ಹೋಗಿ ಧರ್ಮೋಪದೇಶ ಮಾಡಲು ನನಗೆ ಮನಸ್ಸಿಲ್ಲ.